ನಾಲ್ಕೂ ಪ್ಲಗ್ ಬಿಚ್ಚಿ, ಸಾಲಾಗಿ ಇಟ್ಟು ನೋಡಿ

ಹಳೆ ಕಾರು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ತಿಂಗಳ ಪತ್ರಗಳಲ್ಲಿ ಬಹುಪಾಲು ಉತ್ತರ ಕನ್ನಡದಿಂದ ಬಂದವು. ಎಲ್ಲರೂ ಕೇಳಿರುವುದು ಹೆಚ್ಚುಕಡಿಮೆ ಒಂದೇ ವಿಷಯ: ಸ್ಪಾರ್ಕ್ ಪ್ಲಗ್ ನೋಡಿ ಎಂಜಿನ್ ಟ್ಯೂನಿಂಗ್ ಸರಿಯಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಎಲ್ಲರಿಗೂ ಸೇರಿಸಿ ಮೊದಲೇ ಒಂದು ಮಾತು ಹೇಳುತ್ತೇವೆ. ಕೈಗೆ ಸಿಕ್ಕ ಒಂದು ಪ್ಲಗ್ ಬಿಚ್ಚಿ ತೀರ್ಮಾನಕ್ಕೆ ಬರಬೇಡಿ. ನಾಲ್ಕನ್ನೂ ಬಿಚ್ಚಿ, ಸಿಲಿಂಡರ್ ಕ್ರಮದಲ್ಲೇ ಸಾಲಾಗಿ ಇಟ್ಟು ನೋಡಿ. ನಾಲ್ಕೂ ಒಂದೇ ಥರ ಕೆಟ್ಟಿದ್ದರೆ ದೋಷ ನಾಲ್ಕಕ್ಕೂ ಸೇರಿದ ಜಾಗದಲ್ಲಿದೆ: ಕಾರ್ಬುರೇಟರ್, ಏರ್ ಫಿಲ್ಟರ್, ಪಾಯಿಂಟ್ (ಕಾಯಿಲಿನ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಕಾಂಟ್ಯಾಕ್ಟ್), ಕಾಯಿಲ್, ಟೈಮಿಂಗ್ (ಕಿಡಿ ಬೀಳುವ ಸಮಯ). ಒಂದು ಮಾತ್ರ ಬೇರೆಯಾಗಿದ್ದರೆ ಆ ಸಿಲಿಂಡರು, ಅದರ ವಾಲ್ವು, ಅದರ ವೈರು. ಅಕ್ಕಪಕ್ಕದ ಎರಡು ಬೇರೆಯಾಗಿದ್ದರೆ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಗ್ಯಾಸ್ಕೆಟ್ ಅಥವಾ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಕವಲೊಡೆದ ಪೈಪು) ಮೇಲೆ ಸಂಶಯ. ಇಷ್ಟು ವಿಂಗಡಿಸಿಕೊಳ್ಳದೆ ಕಾರ್ಬುರೇಟರಿಗೆ ಕೈ ಹಾಕಿದರೆ ಸರಿಯಿದ್ದದ್ದೂ ಕೆಡುತ್ತದೆ.

ಪ್ರಶ್ನೆ: ನನ್ನದು 1986ರ ಪ್ರೀಮಿಯರ್ ಪದ್ಮಿನಿ. ಕೋಡಿಬಾಗದ ಮನೆಯಿಂದ ಕಾರವಾರ ಪೇಟೆಗೆ ಹೋಗಿ ಬರುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಇಷ್ಟೇ ಓಡಾಟ. ನಾಲ್ಕೂ ಪ್ಲಗ್ ಕಪ್ಪಗೆ ಮಸಿ ಹಿಡಿಯುತ್ತವೆ. ಮೆಕ್ಯಾನಿಕ್ ಕಾರ್ಬುರೇಟರಿನ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಬೆರಕೆ) ಸ್ಕ್ರೂ ಒಳಕ್ಕೆ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿದರು. ಈಗ ಸಿಗ್ನಲ್‌ನಲ್ಲಿ ಎಂಜಿನ್ ನಿಂತುಹೋಗುತ್ತದೆ, ಮಸಿ ಮಾತ್ರ ಹಾಗೇ ಇದೆ. ಮೇನ್ ಜೆಟ್ (ಓಡುವಾಗ ಪೆಟ್ರೋಲ್ ಬಿಡುವ ತೂತಿನ ತುಂಡು) ಸಣ್ಣದು ಹಾಕಿಸಲೇ?
— ಓದುಗರು, ಕಾರವಾರ

ಉತ್ತರ: ಜೆಟ್ ಮುಟ್ಟಬೇಡಿ. ಮಿಕ್ಸ್ಚರ್ ಸ್ಕ್ರೂ ಕೆಲಸ ಮಾಡುವುದು ಐಡ್ಲಿಂಗ್‌ನಲ್ಲಿ ಮತ್ತು ಆಕ್ಸಿಲರೇಟರ್ ಸ್ವಲ್ಪವೇ ಒತ್ತಿದಾಗ. ಅದನ್ನು ಬಿಗಿ ಮಾಡಿದ್ದರಿಂದ ಐಡ್ಲಿಂಗ್ ಸತ್ತಿತೇ ಹೊರತು ಓಡುವಾಗ ಹೋಗುವ ಪೆಟ್ರೋಲ್ ಕಡಿಮೆ ಆಗಲಿಲ್ಲ. ಆ ಸ್ಕ್ರೂ ಮೊದಲಿನ ಹದಕ್ಕೆ ತನ್ನಿ. ಹಗುರವಾಗಿ ಒಳಕ್ಕೆ ತಾಗುವವರೆಗೆ ತಿರುಗಿಸಿ (ಬಿಗಿದರೆ ತುದಿಯಲ್ಲಿ ಗೆರೆ ಬಿದ್ದು ಸ್ಕ್ರೂ ಹಾಳಾಗುತ್ತದೆ), ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಲು ಸುತ್ತಿನಂತೆ ಆಚೀಚೆ ಮಾಡಿ, ಆರ್‌ಪಿಎಂ ಎಲ್ಲಿ ಅತಿ ಹೆಚ್ಚು ಬರುತ್ತದೋ ಅಲ್ಲಿ ಬಿಡಿ. ಆಮೇಲೆ ಥ್ರಾಟಲ್ ಸ್ಕ್ರೂನಿಂದ ವೇಗ ಇಳಿಸಿಕೊಳ್ಳಿ.

ಇನ್ನು ಮಸಿ. ಪ್ಲಗ್ಗಿನ ಪಿಂಗಾಣಿ ಮೂತಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ಅದರ ಮೇಲೆ ಕೂತ ಕಾರ್ಬನ್ ತಾನಾಗಿ ಉರಿದುಹೋಗುತ್ತದೆ. ಎರಡು ಮೂರು ಕಿಲೋಮೀಟರ್ ಓಟಕ್ಕೆ ಅಷ್ಟು ಕಾವು ಬರುವುದೇ ಇಲ್ಲ. ಜೊತೆಗೆ ಪ್ರತಿ ಸಲವೂ ಚೋಕ್. ನಿಮ್ಮ ಪ್ಲಗ್ ತೋರಿಸುತ್ತಿರುವುದು ನಿಮ್ಮ ಓಡಾಟದ ರೀತಿಯನ್ನು, ಟ್ಯೂನಿಂಗನ್ನು ಅಲ್ಲ. ಹಾಗಾಗಿ ಮೊದಲು ಬಾನೆಟ್ ತೆರೆದು, ಇನ್ನೊಬ್ಬರ ಕೈಯಲ್ಲಿ ಚೋಕ್ ಗುಂಡಿ ಒಳಕ್ಕೆ ತಳ್ಳಿಸಿ, ಕಾರ್ಬುರೇಟರಿನ ಮೇಲಿನ ಲಿವರ್ ಪೂರ್ತಿ ಹಿಂದಕ್ಕೆ ಬರುತ್ತದೆಯೇ ನೋಡಿ. ಸಮುದ್ರದ ಗಾಳಿಗೆ ಕೇಬಲ್ ಒಳಗೇ ತುಕ್ಕು ಹಿಡಿದು, ಗುಂಡಿ ಒಳಗೆ ಹೋದರೂ ಲಿವರ್ ಅರ್ಧಕ್ಕೇ ನಿಂತಿರುವುದು ನಮ್ಮ ಕರಾವಳಿಯಲ್ಲಿ ತುಂಬ ಸಾಮಾನ್ಯ. ಹಾಗಿದ್ದರೆ ಕೇಬಲ್ ಬದಲಿಸಿ. ಏರ್ ಫಿಲ್ಟರನ್ನೂ ತೆಗೆದು ನೋಡಿ. ಬೆಳಕಿಗೆ ಹಿಡಿದಾಗ ಆಚೆ ಬದಿ ಕಾಣದಿದ್ದರೆ ಹೊಸದು ಹಾಕಿ.

ಇದಾದ ಮೇಲೆ ಪ್ಲಗ್ ಓದಲೆಂದೇ ಒಂದು ಓಟ ಬೇಕು. ಕಾರವಾರದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಂಕೋಲಾ ಕಡೆಗೆ 25–30 ಕಿ.ಮೀ., ನಾಲ್ಕನೇ ಗೇರಿನಲ್ಲಿ 60–70ರ ವೇಗ, ಒಂದೇ ಸಮನೆ. ಕೊನೆಯಲ್ಲಿ ಹಿಂದೆ ಮುಂದೆ ವಾಹನ ಇಲ್ಲದ ನೇರ ರಸ್ತೆಯಲ್ಲಿ ಕ್ಲಚ್ ಒತ್ತಿ, ಅದೇ ಕ್ಷಣ ಇಗ್ನಿಷನ್ ಆಫ್ ಮಾಡಿ, ಉರುಳಿಕೊಂಡು ಬಂದು ಬದಿಗೆ ನಿಲ್ಲಿಸಿ. ಕೀಲಿ ಹೊರಗೆ ಎಳೆಯಬೇಡಿ. ಸ್ಟೇರಿಂಗ್ ಲಾಕ್ ಇರುವ ಕಾರಾದರೆ ಚಕ್ರ ಕಟ್ಟಿಬಿಡುತ್ತದೆ. ಎರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಆಮೇಲೆ ಪ್ಲಗ್ ಬಿಚ್ಚಿದರೆ ನಿಮಗೆ ಕಾಣುವುದು ಐಡ್ಲಿಂಗ್ ಬಣ್ಣ, ಓಟದ ಬಣ್ಣವಲ್ಲ.

ಪದ್ಮಿನಿಯ ಹೆಡ್ ಅಲ್ಯೂಮಿನಿಯಂ. ಬಿಸಿ ಇರುವಾಗ ಪ್ಲಗ್ ಬಿಚ್ಚಿದರೆ ಚೂಡಿ (ತಿರುಪಿನ ಎಳೆ) ಕಿತ್ತು ಬರಬಹುದು. ಎಂಜಿನ್ ಕೈ ಮುಟ್ಟುವಷ್ಟು ತಣಿಯುವವರೆಗೆ ಕಾಯಿರಿ. ಪ್ಲಗ್ಗನ್ನು ಒಂದು ಸುತ್ತು ಸಡಿಲ ಮಾಡಿ, ಸೈಕಲ್ ಪಂಪಿನಿಂದ ಸುತ್ತಲಿನ ಮರಳು ಧೂಳು ಊದಿ, ಆಮೇಲೆ ಪೂರ್ತಿ ತೆಗೆಯಿರಿ. ದಪ್ಪ ರಟ್ಟಿನಲ್ಲಿ ನಾಲ್ಕು ತೂತು ಮಾಡಿ ನಂಬರ್ ಬರೆದು ಅದರಲ್ಲಿ ಸಿಕ್ಕಿಸಿ. ರೇಡಿಯೇಟರ್ ಬದಿಯದು ಒಂದನೇ ನಂಬರ್.

ನೋಡುವುದು ಮೂರು ಜಾಗ. ಚೂಡಿಯ ಕೊನೆಯಲ್ಲಿರುವ ಲೋಹದ ಬಳೆ ಐಡ್ಲಿಂಗ್ ಮತ್ತು ನಿಧಾನ ಓಟದ ಮಿಕ್ಸ್ಚರ್ ಹೇಳುತ್ತದೆ. ಅಲ್ಲಿ ತೆಳ್ಳಗೆ ಮಸಿ ಇದ್ದರೆ ಚಿಂತೆಯಿಲ್ಲ. ಪಿಂಗಾಣಿ ಮೂತಿಯ ತುದಿ ಪ್ಲಗ್ಗಿನ ಕಾವು ಹೇಳುತ್ತದೆ. ಪಿಂಗಾಣಿಯ ಬುಡ, ಅಂದರೆ ಟಾರ್ಚ್ ಮತ್ತು ಭೂತಗನ್ನಡಿ ಹಿಡಿದರೆ ಮಾತ್ರ ಒಳಗೆ ಕಾಣುವ ಆಳದ ಜಾಗ, ಭಾರ ಎಳೆಯುವಾಗಿನ ಮಿಕ್ಸ್ಚರ್ ಹೇಳುತ್ತದೆ. ಇಷ್ಟು ಓಡಿಸಿದ ಮೇಲೂ ನಾಲ್ಕರಲ್ಲೂ ಮೂತಿಯ ತುದಿಯವರೆಗೆ ಒಣ ಮಸಿ ಇದ್ದರೆ ಆಗ ಮುಂದಿನ ಹುಡುಕಾಟ.

ಆ ಹುಡುಕಾಟವೂ ಕಾರ್ಬುರೇಟರಿನಿಂದ ಶುರುವಾಗಬೇಕಿಲ್ಲ. ಕಿಡಿ ದುರ್ಬಲವಾದರೂ ಇದೇ ಮಸಿ ಬರುತ್ತದೆ, ಯಾಕೆಂದರೆ ಅರ್ಧ ಉರಿದ ಪೆಟ್ರೋಲೇ ಮಸಿ. ಪಾಯಿಂಟ್ ಬಿಚ್ಚಿ ನೋಡಿ. ಒಂದು ಬದಿ ಗುಂಡಿ, ಇನ್ನೊಂದು ಬದಿ ಗುಡ್ಡೆ ಬಿದ್ದಿದ್ದರೆ ಕಂಡೆನ್ಸರ್ ಕೆಟ್ಟಿದೆ. ಪಾಯಿಂಟ್ ಮತ್ತು ಕಂಡೆನ್ಸರ್ ಒಟ್ಟಿಗೆ ಬದಲಿಸಿ. ಪಾಯಿಂಟ್ ಗ್ಯಾಪ್ 0.45 ಮಿ.ಮೀ. ಸುತ್ತ, ಪ್ಲಗ್ ಗ್ಯಾಪ್ 0.6 ಮಿ.ಮೀ. ಮೀರದಂತೆ ಇಡಿ. ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ, ಆದ್ದರಿಂದ ಟೈಮಿಂಗ್ ಮತ್ತೆ ನೋಡಲೇಬೇಕು. ಇದೆಲ್ಲ ಸರಿಯಿದ್ದೂ ಮಸಿ ಬಂದರೆ ಆಗ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಮತ್ತು ನೀಡಲ್ ವಾಲ್ವ್. ನೀಡಲ್ ತುದಿ ಸವೆದು ಉಂಗುರದಂಥ ಗೆರೆ ಬಿದ್ದಿದ್ದರೆ ಪೆಟ್ರೋಲ್ ಮಟ್ಟ ಏರಿ ಎಲ್ಲ ವೇಗದಲ್ಲೂ ಜಾಸ್ತಿ ಹೋಗುತ್ತದೆ. ಮೇನ್ ಜೆಟ್ ಬದಲಿಸುವುದು ಎಲ್ಲಕ್ಕಿಂತ ಕೊನೆ.

ಪ್ರಶ್ನೆ: ಪ್ಲಗ್ ಪರೀಕ್ಷೆಗೆ ಅರಬೈಲ್ ಘಾಟಿ ಹತ್ತಿಸಿ, ಅರ್ಧ ದಾರಿಯಲ್ಲಿ ಎಂಜಿನ್ ಆಫ್ ಮಾಡಿ ನೋಡಬಹುದೇ? ಭಾರ ಎಳೆಯುವಾಗಿನ ಬಣ್ಣ ಅಲ್ಲೇ ಚೆನ್ನಾಗಿ ಸಿಗುತ್ತದೆ ಎಂದು ಗೆಳೆಯರು ಹೇಳುತ್ತಾರೆ.
— ಓದುಗರು, ಅಂಕೋಲಾ

ಉತ್ತರ: ಬಣ್ಣ ಸಿಗುತ್ತದೆ ಎಂಬುದು ನಿಜ, ಆದರೆ ಅಲ್ಲಿ ಮಾಡಬೇಡಿ. ಅದಿರು, ಮರ, ಕಂಟೇನರ್ ಹೊತ್ತ ಲಾರಿಗಳು ಹಿಂದಿನಿಂದ ಬರುತ್ತಿರುತ್ತವೆ. ತಿರುವಿನಲ್ಲಿ ಎಂಜಿನ್ ನಿಲ್ಲಿಸಿದ ಕಾರನ್ನು ಬದಿಗೆ ತರಲು ಜಾಗವೂ ಇರುವುದಿಲ್ಲ. ಏರಿನಲ್ಲಿ ವೇಗ ಕೂಡಲೇ ಸಾಯುವುದರಿಂದ ಉರುಳಿಕೊಂಡು ಹೋಗುವ ಮಾತೂ ಇಲ್ಲ. ಭಾರದ ಓದು ಬೇಕೆಂದರೆ ಸಮತಟ್ಟು ಹೆದ್ದಾರಿಯಲ್ಲೇ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, 15–20 ಸೆಕೆಂಡ್ ಎಳೆಸಿ, ಒತ್ತಿದ ಸ್ಥಿತಿಯಲ್ಲೇ ಕ್ಲಚ್ ಮತ್ತು ಇಗ್ನಿಷನ್ ಒಟ್ಟಿಗೆ ಕಡಿಯಿರಿ. ಇದಕ್ಕೆ ಹೊಸ ಪ್ಲಗ್ ಸೆಟ್ ಬೇಕು. ಹಳೆ ಪ್ಲಗ್ ಮೇಲೆ ಹತ್ತಿಪ್ಪತ್ತು ಸೆಕೆಂಡಿನ ಗುರುತು ಕಾಣದು. ಹೊಸ ಪ್ಲಗ್ಗಿನಲ್ಲಿ ಪಿಂಗಾಣಿಯ ಬುಡದಲ್ಲಿ ತೆಳುವಾದ ಬೂದು ಉಂಗುರ ಮೂಡಿರುತ್ತದೆ. ಉಂಗುರವೇ ಇಲ್ಲದಿದ್ದರೆ ಪೆಟ್ರೋಲ್ ಕಡಿಮೆ. ಕಪ್ಪಗೆ ದಪ್ಪವಾಗಿ ಮೂತಿಯ ಕಡೆಗೆ ಏರಿದ್ದರೆ ಪೆಟ್ರೋಲ್ ಜಾಸ್ತಿ.

ಪ್ರಶ್ನೆ: ಮೊದಲೆಲ್ಲ ನನ್ನ ಪದ್ಮಿನಿಯ ಪ್ಲಗ್ ಮೂತಿ ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ ಇರುತ್ತಿತ್ತು. ಈಗ ನಾಲ್ಕೂ ಬಿಳಿ. ದೇವಿಮನೆ ಘಾಟಿ ಹತ್ತುವಾಗ ಎಳೆಯುವ ಶಕ್ತಿಯೂ ಕಡಿಮೆ, ಆಕ್ಸಿಲರೇಟರ್ ಒತ್ತಿದ ಕ್ಷಣ ತಡವರಿಸುತ್ತದೆ, ಕಾರ್ಬುರೇಟರಿನಿಂದ ಟಪ್ ಟಪ್ ಶಬ್ದ. ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್ ಕಾರಣವೇ?
— ಓದುಗರು, ಕುಮಟಾ

ಉತ್ತರ: ಇಲ್ಲಿ ಎರಡು ಸಂಗತಿ ಬೆರೆತಿವೆ. ಬೇರೆ ಬೇರೆ ಮಾಡೋಣ.

ಕಾಫಿ ಬಣ್ಣ ಹೋದದ್ದಕ್ಕೆ ಇ20 ಒಂದೇ ಕಾರಣವಲ್ಲ. ಹಳೆ ಕೈಪಿಡಿಗಳಲ್ಲಿರುವ ಕಂದು ಪ್ಲಗ್ ಚಿತ್ರಗಳು ಸೀಸ ಬೆರೆಸಿದ ಪೆಟ್ರೋಲಿನ ಕಾಲದವು. ನಮ್ಮ ದೇಶದಲ್ಲಿ 2000ನೇ ಇಸವಿಯ ಫೆಬ್ರವರಿಯಿಂದ ಎಲ್ಲೆಡೆ ಸೀಸವಿಲ್ಲದ ಪೆಟ್ರೋಲ್ ಬಂತು. ಈಗಿನ ಪೆಟ್ರೋಲಿನಲ್ಲಿ ಸರಿಯಾಗಿ ಓಡುವ ಎಂಜಿನ್ನಿನ ಪ್ಲಗ್ ಕೂಡ ಮಾಸಲು ಬಿಳಿ ಅಥವಾ ತಿಳಿ ಬೂದು ಇರುತ್ತದೆ. ಬಣ್ಣ ಏರಲು ನೂರಾರು ಕಿಲೋಮೀಟರ್ ಬೇಕು. ಹಳೆ ಚಿತ್ರ ಎದುರಿಗಿಟ್ಟುಕೊಂಡು ಅದೇ ಕಂದು ಬರಲಿ ಎಂದು ಪೆಟ್ರೋಲ್ ಏರಿಸುತ್ತಾ ಹೋದರೆ ಮೈಲೇಜ್ ಹೋಗುತ್ತದೆ, ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗಿ ಪಿಸ್ಟನ್ ರಿಂಗ್ ಸವೆಯುತ್ತದೆ.

ಹಾಗಾದರೆ ಯಾವ ಬಿಳಿ ಅಪಾಯದ್ದು? ಮಾಸಲು ಬಿಳಿ, ಎಲೆಕ್ಟ್ರೋಡಿನ ಅಂಚು ಚೂಪಾಗಿ ಉಳಿದಿದೆ ಎಂದರೆ ಭಯವಿಲ್ಲ. ಗಾಜಿನಂತೆ ಹೊಳೆಯುವ ಬಿಳಿ, ಪಿಂಗಾಣಿ ಮೇಲೆ ಸಣ್ಣ ಬೊಕ್ಕೆ, ಅಂಚು ಕರಗಿ ದುಂಡಗಾದ ಅಥವಾ ನೀಲಿಯಾದ ಎಲೆಕ್ಟ್ರೋಡ್ ಕಂಡರೆ ದೋಷ ಸಿಗುವವರೆಗೆ ಘಾಟಿ ಹತ್ತಿಸಬೇಡಿ. ಮುಂದಿನ ಹಂತದಲ್ಲಿ ಕರಗುವುದು ಪಿಸ್ಟನ್.

ನಿಮ್ಮ ಕಾರಿನ ತಡವರಿಕೆ ಮತ್ತು ಟಪ್ ಟಪ್ ಶಬ್ದ ನೋಡಿದರೆ ಪೆಟ್ರೋಲ್ ನಿಜಕ್ಕೂ ಕಡಿಮೆಯಾಗುತ್ತಿದೆ. ಇ20ರ ಪಾಲು ಅದರಲ್ಲಿ ಎಷ್ಟು ಎಂಬುದಕ್ಕೆ ಲೆಕ್ಕ ಇದೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಶೇ. 20 ಬೆರೆತಾಗ ಇದು ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅದೇ ಗಾಳಿಗೆ ಸುಮಾರು ಶೇ. 9ರಷ್ಟು ಹೆಚ್ಚು ಇಂಧನ ಬೇಕು. ಈಗಿನ ಇಂಜೆಕ್ಷನ್ ಕಾರು ಆಕ್ಸಿಜನ್ ಸೆನ್ಸರ್ ನೋಡಿ ತಾನೇ ಸರಿಮಾಡಿಕೊಳ್ಳುತ್ತದೆ. ಕಾರ್ಬುರೇಟರಿಗೆ ಅದು ಗೊತ್ತಾಗುವುದಿಲ್ಲ.

ಆದರೂ ಜೆಟ್ಟಿಗೆ ಓಡಬೇಡಿ. ಶೇ. 9ರ ಕೊರತೆಗೆ ಎಂಜಿನ್ ಸ್ವಲ್ಪ ಸಪ್ಪೆಯಾಗುತ್ತದೆ. ಕಾರ್ಬುರೇಟರಿನಿಂದ ಶಬ್ದ ಬರುವಷ್ಟು ಕೆಡಬೇಕಾದರೆ ಜೊತೆಗೆ ಇನ್ನೇನೋ ಇದೆ. ಮೊದಲು ಗಾಳಿ ಎಳೆಯುವ ಜಾಗ ಹುಡುಕಿ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್ ಸುತ್ತ, ವ್ಯಾಕ್ಯೂಮ್ ಪೈಪಿನ ಎರಡೂ ತುದಿಗೆ, ಸಿರಿಂಜಿನಿಂದ ಹನಿ ಹನಿ ನೀರು ಬಿಡಿ. ಸೋರುವ ಜಾಗಕ್ಕೆ ನೀರು ಬಿದ್ದಾಗ ಎಂಜಿನ್ ಸ್ವರ ಬದಲಾಗುತ್ತದೆ. ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುತ್ತಾರೆ. ಬಿಸಿ ಸೈಲೆನ್ಸರ್ ಪೈಪಿನ ಪಕ್ಕದಲ್ಲೇ ಪೆಟ್ರೋಲ್ ಚಿಮುಕಿಸುವುದು ಕಾರು ಸುಡುವ ಕೆಲಸ, ದಯವಿಟ್ಟು ಬೇಡ. ಕಾರ್ಬುರೇಟರ್ ಬಿಚ್ಚಿದಾಗ ಅದರ ಬುಡವನ್ನು ಗಾಜಿನ ತುಂಡಿನ ಮೇಲಿಟ್ಟು ನೋಡಿ. ನಟ್ ಅತಿಯಾಗಿ ಬಿಗಿದು ಎರಡು ಕಿವಿ ಬಗ್ಗಿದ್ದರೆ ಮಧ್ಯದಲ್ಲಿ ಬೆಳಕು ಕಾಣುತ್ತದೆ. ಅಂಥ ಬುಡಕ್ಕೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ಗಾಳಿ ಎಳೆಯುತ್ತದೆ. ಗಾಜಿನ ಮೇಲೆ ನಯವಾದ ಎಮರಿ ಪೇಪರ್ ಹಾಸಿ ಉಜ್ಜಿ ಸಮತಟ್ಟು ಮಾಡಬೇಕು.

ಎರಡನೆಯದು ಕಸ. ಎಥನಾಲ್ ಹಳೆ ಟ್ಯಾಂಕಿನ ಒಳಗಿನ ಅಂಟು, ತುಕ್ಕು ಸಡಿಲ ಮಾಡಿ ಜೆಟ್ಟಿಗೆ ತರುತ್ತದೆ. ನೀರನ್ನೂ ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ನೀರು ಹೆಚ್ಚಾದರೆ ಎಥನಾಲ್ ಆ ನೀರಿನೊಂದಿಗೆ ತಳಕ್ಕೆ ಇಳಿಯುತ್ತದೆ, ಎಂಜಿನ್ ಮೊದಲು ಎಳೆಯುವುದು ಅದನ್ನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ನಿಲ್ಲಿಸುವುದಿದ್ದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಜೆಟ್ಟಿಗೆ ತಂತಿ ತೂರಿಸಬೇಡಿ, ಗಾಳಿ ಊದಿ. 115 ಎಂದು ಕೊರೆದಿರುವ ಜೆಟ್ಟಿನ ತೂತು 1.15 ಮಿ.ಮೀ.; ತಂತಿಯ ಗೀರೇ ಅದರ ಅಳತೆ ಕೆಡಿಸುತ್ತದೆ. ಹಳೆ ರಬ್ಬರ್ ಪೆಟ್ರೋಲ್ ಪೈಪ್ ಒತ್ತಿದರೆ ಮೆತ್ತಗೆ ಅಂಟುತ್ತಿದೆಯೇ? ಎಥನಾಲ್ ತಾಳುವ, ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವ ಪೈಪ್ ಹಾಕಿ. ಪೆಟ್ರೋಲ್ ಪಂಪಿನ ಡಯಾಫ್ರಾಮನ್ನೂ ಆಗಲೇ ಬದಲಿಸಿಬಿಡಿ.

ಇಷ್ಟು ಮುಗಿದೂ ಪ್ಲಗ್ಗಿನ ಬುಡದ ಉಂಗುರ ಕಾಣದಿದ್ದರೆ ಆಗ ಮೇನ್ ಜೆಟ್. ಈಗಿರುವುದು 115 ಎಂದಿಟ್ಟುಕೊಳ್ಳಿ, 120 ಹಾಕಿದರೆ ತೂತಿನ ವಿಸ್ತೀರ್ಣ ಸುಮಾರು ಶೇ. 9 ಹೆಚ್ಚುತ್ತದೆ, ಇ20ರ ಕೊರತೆಗೆ ಸರಿಹೊಂದುವಷ್ಟೇ. ಒಂದು ಸಲಕ್ಕೆ ಒಂದೇ ಮೆಟ್ಟಿಲು ಏರಿ, ಹೊಸ ಪ್ಲಗ್ಗಿನಲ್ಲಿ ಓದಿ, ಆಮೇಲೆ ಮುಂದಿನ ಮಾತು.

ಪ್ರಶ್ನೆ: 1489 ಸಿಸಿಯ ಅಂಬಾಸಿಡರ್, ಎಸ್‌ಯು ಕಾರ್ಬುರೇಟರ್. ಮೂರನೇ ಪ್ಲಗ್ ಮಾತ್ರ ಎಣ್ಣೆ ಎಣ್ಣೆ, ಉಳಿದ ಮೂರು ಚೆನ್ನಾಗಿವೆ. ಕುಮಟಾದಿಂದ ಸಿರ್ಸಿಗೆ ಘಾಟಿ ಹತ್ತುವಾಗ ಹೊಗೆ ಇಲ್ಲ. ಸಿರ್ಸಿಯಿಂದ ಇಳಿದು ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದೆ ನೀಲಿ ಹೊಗೆ. ಎಂಜಿನ್ ಬೋರಿಂಗ್ (ಸವೆದ ಸಿಲಿಂಡರ್ ಕೊರೆದು ದೊಡ್ಡದು ಮಾಡುವುದು) ಮಾಡಿಸಬೇಕೆಂದು ಗ್ಯಾರೇಜಿನವರು ಹೇಳುತ್ತಾರೆ.
— ಓದುಗರು, ಸಿರ್ಸಿ

ಉತ್ತರ: ಬೋರಿಂಗ್‌ಗೆ ಒಪ್ಪುವ ಮೊದಲು ನೀವೇ ಬರೆದ ಲಕ್ಷಣವನ್ನು ಗಮನಿಸಿ. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಗೇರಿನ ಹಿಡಿತದಲ್ಲಿ ಬರುತ್ತೀರಿ. ಥ್ರಾಟಲ್ ಮುಚ್ಚಿರುತ್ತದೆ, ಎಂಜಿನ್ ಮಾತ್ರ ವೇಗವಾಗಿ ತಿರುಗುತ್ತಿರುತ್ತದೆ. ಮ್ಯಾನಿಫೋಲ್ಡಿನಲ್ಲಿ ಬಲವಾದ ಸೆಳೆತ ಹುಟ್ಟಿ, ಸವೆದ ಇನ್‌ಲೆಟ್ ವಾಲ್ವ್ ಗೈಡ್ ಸಂದಿನಿಂದ ಮೇಲಿನ ಆಯಿಲ್ ಒಳಕ್ಕೆ ಇಳಿಯುತ್ತದೆ. ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಅದು ಉರಿದು ನೀಲಿ ಹೊಗೆ. ಪಿಸ್ಟನ್ ರಿಂಗ್ ಸವೆದಿದ್ದರೆ ಹತ್ತುವಾಗಲೇ, ಭಾರದಲ್ಲೇ ಹೊಗೆ ಬರಬೇಕಿತ್ತು.

ಖಚಿತಪಡಿಸಿಕೊಳ್ಳುವ ಕ್ರಮ ಹೀಗೆ. ಮೂರನೇ ಪ್ಲಗ್ಗನ್ನು ಒಂದಕ್ಕೂ ಒಂದರದನ್ನು ಮೂರಕ್ಕೂ ಹಾಕಿ ನಾಲ್ಕಾರು ದಿನ ಓಡಿಸಿ. ಎಣ್ಣೆ ಮೂರನೇ ಸಿಲಿಂಡರಿನಲ್ಲೇ ಉಳಿದರೆ ಪ್ಲಗ್ಗಿನ ತಪ್ಪಲ್ಲ. ಆಮೇಲೆ ಕಂಪ್ರೆಷನ್ (ಸಿಲಿಂಡರಿನ ಒತ್ತಡ) ನೋಡಿ: ಎಂಜಿನ್ ಬಿಸಿ, ನಾಲ್ಕೂ ಪ್ಲಗ್ ಹೊರಗೆ, ಕಾಯಿಲ್ ವೈರ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿಗೂ ಗೇಜ್ ಮುಳ್ಳು ಐದಾರು ಸಲ ಜಿಗಿಯುವಷ್ಟು ಸ್ಟಾರ್ಟರ್ ಹೊಡೆಯಿರಿ. ಒಟ್ಟು ಸಂಖ್ಯೆಗಿಂತ ವ್ಯತ್ಯಾಸ ಮುಖ್ಯ. ಮೂರನೆಯದು ಉಳಿದವಕ್ಕಿಂತ ಶೇ. 15ಕ್ಕೂ ಹೆಚ್ಚು ಇಳಿದಿದ್ದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಸಂಖ್ಯೆ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಮೊದಲು ಟ್ಯಾಪೆಟ್ ಸಂದು (ರಾಕರ್ ಮತ್ತು ವಾಲ್ವ್ ನಡುವಿನದು) 0.015 ಇಂಚು, ಅಂದರೆ 0.38 ಮಿ.ಮೀ. ಇದೆಯೇ ಎಂದು ಬಿಸಿ ಎಂಜಿನ್ನಿನಲ್ಲಿ ನೋಡಿ. ಕಂಪ್ರೆಷನ್ ನಾಲ್ಕೂ ಸಮ ಇದ್ದರೆ ಗೈಡ್ ಮತ್ತು ವಾಲ್ವ್ ಕಾಂಡದ ರಬ್ಬರ್ ರಿಂಗ್ ಕಡೆಗೇ ಬೆರಳು ಹೋಗುತ್ತದೆ.

ಆ ರಬ್ಬರ್ ರಿಂಗ್ ಬದಲಿಸಲು ಹೆಡ್ ಇಳಿಸಬೇಕಿಲ್ಲ. ಪಿಸ್ಟನ್ ಅರ್ಧ ಕೆಳಗಿರುವಾಗ ಪ್ಲಗ್ ತೂತಿನಿಂದ ಒಂದು ಮೀಟರ್‌ನಷ್ಟು ಮೆತ್ತನೆಯ ನೈಲಾನ್ ಹಗ್ಗ ತೂರಿಸಿ, ಒಂದು ತುದಿ ಹೊರಗೆ ಉಳಿಯಲಿ. ಎರಡೂ ವಾಲ್ವ್ ಮುಚ್ಚಿರುವ ಸ್ಟ್ರೋಕಿನಲ್ಲಿ ಎಂಜಿನ್ ಕೈಯಲ್ಲಿ ತಿರುಗಿಸಿ ಪಿಸ್ಟನ್ ಮೇಲೆ ತಂದರೆ ಹಗ್ಗ ಒತ್ತಿಕೊಂಡು ವಾಲ್ವುಗಳನ್ನು ಕೆಳಗಿನಿಂದ ಹಿಡಿದಿರುತ್ತದೆ. ರಾಕರ್ ತೆಗೆದು, ಸ್ಪ್ರಿಂಗ್ ಒತ್ತಿ, ಲಾಕ್ ಬಿಡಿಸಿ, ಹೊಸ ರಿಂಗ್ ಹಾಕಬಹುದು. ಇದರಿಂದ ಹೊಗೆ ಪೂರ್ತಿ ನಿಲ್ಲದಿದ್ದರೆ ಗೈಡ್ ಸವೆದಿದೆ, ಆಗ ಹೆಡ್ ಇಳಿಸಲೇಬೇಕು. ಆದರೂ ಬೋರಿಂಗ್ ಅಲ್ಲ.

ಈ ಎಂಜಿನ್ನಿನ ಒಂದು ಸ್ವಭಾವ ಎಲ್ಲ ಅಂಬಾಸಿಡರ್ ಮಾಲೀಕರಿಗೂ ಗೊತ್ತಿರಲಿ. 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಒಂದು ಇನ್‌ಲೆಟ್ ದಾರಿ. ಹಾಗಾಗಿ 1–2 ಜೋಡಿ ಬಿಳಿ, 3–4 ಜೋಡಿ ಸರಿ ಎಂದಿದ್ದರೆ ಬಿಳಿ ಬದಿಯ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಗಾಳಿ ಎಳೆಯುತ್ತಿದೆ. 2 ಮತ್ತು 3 ಎರಡೇ ಕಪ್ಪಾಗಿ, ಎರಡರಲ್ಲೂ ಕಂಪ್ರೆಷನ್ ಬಿದ್ದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ. ಒಂದೇ ಪ್ಲಗ್ ಉಳಿದವಕ್ಕಿಂತ ತೊಳೆದಿಟ್ಟಂತೆ ಚೊಕ್ಕವಾಗಿದ್ದರೆ ಖುಷಿಪಡಬೇಡಿ, ರೇಡಿಯೇಟರ್ ನೀರಿನ ಮಟ್ಟ ನೋಡಿ: ಆ ಸಿಲಿಂಡರಿಗೆ ನೀರು ಸೋರಿ ಆವಿ ಪ್ಲಗ್ ತೊಳೆಯುತ್ತಿರಬಹುದು.

ಪ್ರಶ್ನೆ: ಕರಾವಳಿಯಲ್ಲಿ ಟ್ಯೂನ್ ಮಾಡಿದ ಎಸ್‌ಯು ಕಾರ್ಬುರೇಟರನ್ನು ಸಿರ್ಸಿಗೆ ಬಂದ ಮೇಲೆ ಮತ್ತೆ ಟ್ಯೂನ್ ಮಾಡಬೇಕೆ?
— ಓದುಗರು, ಸಿದ್ದಾಪುರ

ಉತ್ತರ: ಬೇಡ. ಸಿರ್ಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾಗುವುದರಿಂದ ಮಿಕ್ಸ್ಚರಿನಲ್ಲಿ ಪೆಟ್ರೋಲ್ ಪಾಲು ಏರುವುದು ಶೇ. 3ರ ಆಸುಪಾಸು, ಅಷ್ಟೇ. ಹದ ನೋಡಬೇಕೆನಿಸಿದರೆ ಬಿಸಿ ಎಂಜಿನ್ನಿನಲ್ಲಿ ಕಾರ್ಬುರೇಟರಿನ ಒಳಗಿನ ಪಿಸ್ಟನ್ ಎತ್ತುವ ಪಿನ್ನನ್ನು ಒತ್ತಿ, ಆ ಪಿಸ್ಟನ್ನನ್ನು ಮುಕ್ಕಾಲು ಮಿಲಿಮೀಟರ್‌ನಷ್ಟು ಎತ್ತಿ. ಆರ್‌ಪಿಎಂ ಒಂದು ಕ್ಷಣ ಏರಿ ಮೊದಲಿನಂತಾದರೆ ಸರಿ. ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ, ಜೆಟ್ ನಟ್ ಒಂದು ಮುಖದಷ್ಟು ಮೇಲಕ್ಕೆ. ಎಂಜಿನ್ ಸಾಯುವಂತಾದರೆ ಒಂದು ಮುಖದಷ್ಟು ಕೆಳಕ್ಕೆ. ಮೇಲಿನ ಡ್ಯಾಶ್‌ಪಾಟ್‌ನಲ್ಲಿ ತೆಳು ಆಯಿಲ್ ಇದೆಯೇ ನೋಡಿಕೊಳ್ಳಿ. ಅದು ಒಣಗಿದ್ದರೆ ಆಕ್ಸಿಲರೇಟರ್ ಒತ್ತಿದಾಗಿನ ತಡವರಿಕೆ ಯಾವ ಟ್ಯೂನಿಂಗ್‌ಗೂ ಹೋಗುವುದಿಲ್ಲ.

ಪ್ರಶ್ನೆ: ಅಂಗಡಿಯಲ್ಲಿ ನಮ್ಮ ನಂಬರಿನ ಪ್ಲಗ್ ಇರಲಿಲ್ಲ. ಒಂದು ನಂಬರ್ ಹೆಚ್ಚಿನದು ಕೊಟ್ಟು "ಇನ್ನೂ ಬಿಸಿ ಪ್ಲಗ್, ಮಸಿ ಹಿಡಿಯುವುದಿಲ್ಲ" ಎಂದರು. ಹಾಕಬಹುದೇ?
— ಓದುಗರು, ಹೊನ್ನಾವರ

ಉತ್ತರ: ಕಂಪನಿ ಯಾವುದು ಎಂದು ತಿಳಿಯದೆ ಇದಕ್ಕೆ ಉತ್ತರವಿಲ್ಲ. ಎನ್‌ಜಿಕೆಯಲ್ಲಿ ನಂಬರ್ ಏರಿದಷ್ಟೂ ತಣ್ಣನೆಯ ಪ್ಲಗ್: 6ಕ್ಕಿಂತ 7 ತಣ್ಣಗೆ. ಈಗಿನ ಬಾಷ್‌ನಲ್ಲಿ ಉಲ್ಟಾ, ನಂಬರ್ ಏರಿದಷ್ಟೂ ಬಿಸಿ. ಚಾಂಪಿಯನ್ನಿನಲ್ಲೂ ಏರಿದಷ್ಟೂ ಬಿಸಿ. ಹಳೆ ಮೈಕೋ ಡಬ್ಬಿಯ ಮೇಲಿನ 145, 175, 225ರಂಥ ಸಂಖ್ಯೆಗಳು ಹಳೆ ಬಾಷ್ ಕ್ರಮದವು, ಅಲ್ಲಿ ಏರಿದಷ್ಟೂ ತಣ್ಣಗೆ. ಅಂಗಡಿಯವರು ಕೊಟ್ಟದ್ದು ಎನ್‌ಜಿಕೆ ಆಗಿದ್ದರೆ ಅವರು ಹೇಳಿದ್ದಕ್ಕೆ ವಿರುದ್ಧವಾದದ್ದೇ ನಿಮ್ಮ ಕೈಗೆ ಬಂದಿದೆ.

ಬಿಸಿ ಪ್ಲಗ್ ಎಂದರೆ ಹೆಚ್ಚು ಕಿಡಿ ಕೊಡುವ ಪ್ಲಗ್ ಅಲ್ಲ. ಪಿಂಗಾಣಿ ಮೂತಿ ಉದ್ದವಿದ್ದು ಕಾವು ನಿಧಾನವಾಗಿ ಹೆಡ್ಡಿಗೆ ಇಳಿಯುತ್ತದೆ, ಅಷ್ಟೇ ವ್ಯತ್ಯಾಸ. ಪೇಟೆಯೊಳಗೇ ಓಡುವ ಕಾರಿಗೆ ಒಂದು ಮೆಟ್ಟಿಲು ಬಿಸಿ ಪ್ಲಗ್ ನಡೆಯುತ್ತದೆ. ಅದೇ ಕಾರು ಏಪ್ರಿಲ್ ಬಿಸಿಲಿನಲ್ಲಿ ಐದು ಜನ, ಲಗೇಜ್ ಹೊತ್ತು ಘಾಟಿ ಹತ್ತಿದರೆ ಪ್ಲಗ್ ಕೆಂಪಗೆ ಕಾದು, ಕಿಡಿಗೆ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುವ ಅಪಾಯವಿದೆ. ಕೈಪಿಡಿಯ ನಂಬರಿನಲ್ಲೇ ಇರಿ. ನಂಬರಿಗಿಂತ ಮೊದಲು ಚೂಡಿಯ ಉದ್ದ ಹಳೆ ಪ್ಲಗ್ ಜೊತೆ ಅಕ್ಕಪಕ್ಕ ಇಟ್ಟು ಅಳೆಯಿರಿ. 14 ಮಿ.ಮೀ. ಪ್ಲಗ್ಗುಗಳು 12.7 ಮಿ.ಮೀ. ಉದ್ದದಲ್ಲೂ 19 ಮಿ.ಮೀ. ಉದ್ದದಲ್ಲೂ ಬರುತ್ತವೆ. ಗಿಡ್ಡ ಹೆಡ್ಡಿಗೆ ಉದ್ದದ್ದು ಹಾಕಿದರೆ ಪಿಸ್ಟನ್ನಿಗೆ ಬಡಿಯಬಹುದು.

ಪ್ರಶ್ನೆ: ಮೂತಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆ, ನಡುನಡುವೆ ಹೊಳೆಯುವ ಸಣ್ಣ ಕಣ. ಏರಿನಲ್ಲಿ ಎಂಜಿನ್ ಕಟಕಟ ಎನ್ನುತ್ತದೆ.
— ಓದುಗರು, ಭಟ್ಕಳ

ಉತ್ತರ: ಇದು ನಾಕಿಂಗ್, ಅಂದರೆ ಪೆಟ್ರೋಲ್ ಹದವಾಗಿ ಉರಿಯದೆ ಸಿಡಿಯುವುದು. ಆ ಹೊಳೆಯುವ ಕಣ ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ. ಈ ಪುಟದಲ್ಲಿರುವ ಎಲ್ಲ ಪತ್ರಗಳಲ್ಲಿ ತುರ್ತಿನದು ನಿಮ್ಮದೇ, ನೋಡುವವರೆಗೆ ಎಂಜಿನ್ನಿಗೆ ಭಾರ ಕೊಡಬೇಡಿ. ಟೈಮಿಂಗ್ ಲೈಟ್ ಹಿಡಿದು ಮೊದಲು ಐಡ್ಲಿಂಗ್‌ನಲ್ಲಿ ಕೈಪಿಡಿಯ ಡಿಗ್ರಿ ಇದೆಯೇ ನೋಡಿ, ಆಮೇಲೆ ಆರ್‌ಪಿಎಂ ಏರಿಸಿ ಇಳಿಸಿ. ಇಳಿಸಿದಾಗ ಗುರುತು ತಕ್ಷಣ ಹಿಂದಕ್ಕೆ ಬರದಿದ್ದರೆ ಡಿಸ್ಟ್ರಿಬ್ಯೂಟರ್ ಒಳಗಿನ ತೂಕದ ಗುಂಡುಗಳು ತುಕ್ಕಿಗೆ ಸಿಕ್ಕಿಕೊಂಡಿವೆ, ಅಥವಾ ಸ್ಪ್ರಿಂಗ್ ಸಡಿಲಾಗಿದೆ. ಬಿಚ್ಚಿ ತೊಳೆದು ಎರಡು ಹನಿ ಆಯಿಲ್ ಬಿಡಿ.

ಹೊಸ ಪ್ಲಗ್ ಹಾಕಿ ಓಡಿಸಿದ ಮೇಲೆ ಪ್ಲಗ್ಗಿನ ಹೊರಗಿನ ಬಾಗಿದ ಕಡ್ಡಿಯನ್ನೂ (ಎಲೆಕ್ಟ್ರೋಡ್) ನೋಡಿ. ಕಾವಿಗೆ ಅದರ ಲೋಹದ ಬಣ್ಣ ಬದಲಾದ ಗೆರೆ ಬಾಗಿನ ಹತ್ತಿರ ಇರಬೇಕು. ಗೆರೆ ಬುಡದ ಬೆಸುಗೆಯವರೆಗೆ ಇಳಿದಿದ್ದರೆ ಟೈಮಿಂಗ್ ಅಡ್ವಾನ್ಸ್ ಜಾಸ್ತಿ, ತುದಿಯಲ್ಲೇ ಉಳಿದಿದ್ದರೆ ಕಡಿಮೆ. ಒಂದು ಸಲಕ್ಕೆ ಎರಡು ಡಿಗ್ರಿಗಿಂತ ಹೆಚ್ಚು ಬದಲಿಸಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಬೆಳಗ್ಗೆ ಸ್ಟಾರ್ಟ್ ಆಗದು, ಕಷ್ಟಪಟ್ಟು ಸ್ಟಾರ್ಟ್ ಆದರೂ ಎರಡು ಸಿಲಿಂಡರ್ ಮಿಸ್ಸಿಂಗ್. ಪ್ಲಗ್ ಬಿಚ್ಚಿದರೆ ಪೆಟ್ರೋಲಿನಿಂದ ಒದ್ದೆ. ಹೊರಗಿನ ಬಿಳಿ ಪಿಂಗಾಣಿಯ ಮೇಲೂ ಕಂದು ಉಂಗುರ ಇದೆ, ಗ್ಯಾಸ್ ಸೋರುತ್ತಿದೆಯೇ?
— ಓದುಗರು, ಗೋಕರ್ಣ

ಉತ್ತರ: ಹೊರಗಿನ ಕಂದು ಉಂಗುರ ಸೋರಿಕೆಯಲ್ಲ. ಹೈ ವೋಲ್ಟೇಜಿನ ಸುತ್ತ ಗಾಳಿಯಲ್ಲಿನ ಎಣ್ಣೆ ಕಣ ಅಂಟಿದ ಕಲೆ ಅದು. ಅದಕ್ಕಾಗಿ ಪ್ಲಗ್ ಎಸೆಯಬೇಕಿಲ್ಲ. ಒಳಗೆ ಒದ್ದೆ, ಮಸಿ ಇಲ್ಲ ಎಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ. ಉಪ್ಪು ಗಾಳಿಯ ತೇವ ಡಿಸ್ಟ್ರಿಬ್ಯೂಟರ್ ಕ್ಯಾಪ್ ಮತ್ತು ಪ್ಲಗ್ ವೈರಿನ ಮೇಲೆ ಕೂತು ಕಿಡಿ ಅಡ್ಡದಾರಿ ಹಿಡಿಯುತ್ತಿದೆ. ರಾತ್ರಿ ಲೈಟ್ ಆರಿಸಿ, ಎಂಜಿನ್ ಚಾಲೂ ಮಾಡಿ ಬಾನೆಟ್ ಒಳಗೆ ನೋಡಿ. ವೈರಿನ ಮೈಮೇಲೆ ನೀಲಿ ಮಿಣುಕು ಕಂಡ ಜಾಗವೇ ದೋಷದ ಜಾಗ. ಕ್ಯಾಪ್ ಒಳಗೆ ಪೆನ್ಸಿಲ್ ಗೆರೆಯಂಥ ಕಪ್ಪು ದಾರಿ ಬಿದ್ದಿದ್ದರೆ ಒರೆಸಿ ಪ್ರಯೋಜನವಿಲ್ಲ, ಹೊಸ ಕ್ಯಾಪ್ ಹಾಕಿ. ಗೆರೆ ಇಲ್ಲದಿದ್ದರೆ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ವೈರಿನ ತುದಿಯ ರಬ್ಬರ್ ಟೋಪಿಗಳ ಒಳಗೆ ಸಿಲಿಕೋನ್ ಗ್ರೀಸ್ ಸವರಿ. ಇಷ್ಟು ಮಾಡುವುದನ್ನು ಮೇ ಕೊನೆಗೇ ಮುಗಿಸಿಕೊಂಡರೆ ಒಳ್ಳೆಯದು.

ಪ್ರಶ್ನೆ: ಹಳೆ ಪೆಟ್ರೋಲ್ ಜೀಪಿನ ಪ್ಲಗ್ ಮೂತಿ ಇಟ್ಟಿಗೆಯಂತೆ ಕೆಂಪು. ಏನಿದು?
— ಓದುಗರು, ದಾಂಡೇಲಿ

ಉತ್ತರ: ಪೆಟ್ರೋಲಿಗೆ ಬಾಟಲಿಯಿಂದ ಏನಾದರೂ ಬೆರೆಸುತ್ತಿದ್ದೀರಾ? ಕಬ್ಬಿಣದ ಅಂಶವಿರುವ ಆಕ್ಟೇನ್ ಬೂಸ್ಟರ್ ಈ ಕೆಂಪು ಪುಡಿ ಬಿಡುತ್ತದೆ. ಅದರಲ್ಲಿ ಕರೆಂಟ್ ಹರಿಯುವುದರಿಂದ ಬಿಸಿಯಾದಾಗ ಮಿಸ್ಸಿಂಗ್ ಶುರುವಾಗುತ್ತದೆ. ಬೆರೆಸುವುದನ್ನು ನಿಲ್ಲಿಸಿ, ಹೊಸ ಪ್ಲಗ್ ಹಾಕಿ, ಗ್ಯಾಪ್ 0.030 ಇಂಚು ಇಡಿ. ಆ ಎಂಜಿನ್ನಿನ ಕಂಪ್ರೆಷನ್ ಕಡಿಮೆ, ಅದಕ್ಕೆ ಬೂಸ್ಟರ್ ಅಗತ್ಯವೇ ಇಲ್ಲ.

ಪ್ರಶ್ನೆ: ಮಸಿ ಹಿಡಿದ ಪ್ಲಗ್ಗನ್ನು ತಂತಿ ಬ್ರಷ್‌ನಿಂದ ಉಜ್ಜಿ ಮತ್ತೆ ಹಾಕಬಹುದೇ? ಎಷ್ಟು ಬಿಗಿಯಬೇಕು?
— ಓದುಗರು, ಯಲ್ಲಾಪುರ

ಉತ್ತರ: ಚೂಡಿಗೆ ಮಾತ್ರ ತಂತಿ ಬ್ರಷ್. ಪಿಂಗಾಣಿಗೆ ತಾಗಿಸಿದರೆ ಲೋಹದ ಗೀರು ಉಳಿದು ಕಿಡಿ ಅದರ ಮೇಲೆ ಜಾರುತ್ತದೆ. ಒಣ ಮಸಿಯನ್ನು ಕಾರ್ಬುರೇಟರ್ ಕ್ಲೀನರ್ ಮತ್ತು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬಹುದು. ಎಣ್ಣೆ ಕುಡಿದ ಪ್ಲಗ್ ಮತ್ತು ಸುಮಾರು 10,000 ಕಿ.ಮೀ. ಓಡಿದ ಪ್ಲಗ್ಗಿಗೆ ಈ ಶ್ರಮ ಬೇಡ, ಬದಲಿಸಿ. ಗ್ಯಾಪ್ ಸರಿಮಾಡುವಾಗ ಹೊರಗಿನ ಕಡ್ಡಿ ಮಾತ್ರ ಬಗ್ಗಿಸಿ, ನಡುವಿನದಕ್ಕೆ ಮೀಟು ಹಾಕಬೇಡಿ.

ಹಾಕುವಾಗ ಸ್ಪ್ಯಾನರ್ ಇಲ್ಲದೆ ಬೆರಳಿನಲ್ಲೇ ಕೊನೆಯವರೆಗೆ ತಿರುಗಿಸಿ. ಅಡ್ಡ ಹತ್ತಿದರೆ ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಹೊಸ ಪ್ಲಗ್ಗಿಗೆ ಅರ್ಧ ಸುತ್ತು. ಮೊದಲೇ ಒತ್ತಿ ಚಪ್ಪಟೆಯಾದ ವಾಷರಿನ ಹಳೆ ಪ್ಲಗ್ಗಿಗೆ ಗಡಿಯಾರದ ಮುಳ್ಳು ಒಂದು ಗಂಟೆ ಸರಿಯುವಷ್ಟು, ಅಂದರೆ 30 ಡಿಗ್ರಿ ಸಾಕು. ಟಾರ್ಕ್ ರೆಂಚ್ ಇದ್ದರೆ ಪದ್ಮಿನಿಯಂಥ ಅಲ್ಯೂಮಿನಿಯಂ ಹೆಡ್ಡಿಗೆ 20–25, ಅಂಬಾಸಿಡರಿನ ಬೀಡು ಕಬ್ಬಿಣದ ಹೆಡ್ಡಿಗೆ 25–30 ನ್ಯೂಟನ್ ಮೀಟರ್. ಕರಾವಳಿಯಲ್ಲಿ ಚೂಡಿ ತುಕ್ಕು ಹಿಡಿಯುತ್ತದೆಂದು ಆಂಟಿ ಸೀಜ್ ಪೇಸ್ಟ್ ಹಚ್ಚುವವರು ಅದನ್ನು ಚೂಡಿಯ ನಡುಭಾಗಕ್ಕೆ ಮಾತ್ರ ತೆಳುವಾಗಿ ಹಚ್ಚಿ, ಟಾರ್ಕ್ ಮೂರನೇ ಒಂದು ಪಾಲು ಕಡಿಮೆ ಮಾಡಿ. ಪೇಸ್ಟ್ ಇರುವ ಚೂಡಿ ಹಗುರವಾಗಿ ತಿರುಗುವುದರಿಂದ ಅದೇ ಟಾರ್ಕಿಗೆ ಹೆಚ್ಚು ಬಿಗಿದು, ಅಲ್ಯೂಮಿನಿಯಂ ಹೆಡ್ಡಿನ ಚೂಡಿ ಕಿತ್ತುಹೋಗುತ್ತದೆ.